ಐದು ವರ್ಷದ ಕಾರನ್ನು ಮಾರುವ ಮುನ್ನ ಒಂದು ಲೆಕ್ಕ

ಕಾರಿನ ಸಾಲ ಸಾಮಾನ್ಯವಾಗಿ ಐದು ವರ್ಷಕ್ಕೆ ತೀರುತ್ತದೆ. ಕೊನೆಯ ಕಂತು ಕಟ್ಟಿದ ಆಸುಪಾಸಿನಲ್ಲೇ ಶೋರೂಮಿನವರ ಫೋನು ಶುರುವಾಗುತ್ತದೆ: ಹಳೇ ಗಾಡಿ ತನ್ನಿ, ಒಳ್ಳೇ ರೇಟು ಹಾಕಿಕೊಡುತ್ತೇವೆ, ಹೊಸದಕ್ಕೆ ಎಕ್ಸ್‌ಚೇಂಜ್ ಬೋನಸ್ ಇದೆ. ಮನೆಯಲ್ಲೂ ಮಾತು ಏಳುತ್ತದೆ. ಇನ್ನೂ ಇಟ್ಟುಕೊಂಡರೆ ಬೆಲೆ ಬಿದ್ದುಹೋಗುತ್ತದೆ, ರಿಪೇರಿ ಖರ್ಚು ಏರುತ್ತದೆ, ಹತ್ತು ವರ್ಷ ದಾಟಿದರೆ ಸರ್ಕಾರವೇ ಗುಜರಿಗೆ ಹಾಕಿಸುತ್ತದಂತೆ. ಈ ಮೂರರಲ್ಲಿ ಕೊನೆಯದು ನಮ್ಮ ರಾಜ್ಯದ ಮಟ್ಟಿಗೆ ಸುಳ್ಳು. ಮೊದಲೆರಡು ಅರ್ಧ ಸತ್ಯ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ಮನೆ ಬಳಕೆಗೆ ಇಟ್ಟುಕೊಂಡ, ವರ್ಷಕ್ಕೆ ಎಂಟು ಒಂಬತ್ತು ಸಾವಿರ ಕಿಲೋಮೀಟರ್ ಓಡುವ ಕಾರನ್ನು ಹನ್ನೆರಡರಿಂದ ಹದಿನೈದು ವರ್ಷ ಇಟ್ಟುಕೊಳ್ಳುವುದೇ ಸರಿ ಎಂಬುದು ನನ್ನ ವಾದ. ಸರಿಯಾಗಿ ಓಡುತ್ತಿರುವ ಕಾರನ್ನು ಅದಕ್ಕಿಂತ ಮೊದಲೇ ಬದಲಿಸಲು ಬಲವಾದ ಕಾರಣ ಒಂದೇ ಒಂದಿದೆ. ಅದು ದುಡ್ಡಿನದಲ್ಲ, ಸುರಕ್ಷತೆಯದು. ಮೊದಲು ದುಡ್ಡಿನ ಮಾತು ಮುಗಿಸೋಣ.

ಕಾರಿನ ಬೆಲೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ವಿಮಾ ಕಂಪನಿಗಳು ಬಳಸುವ ಸವಕಳಿ ಪಟ್ಟಿಯೇ ಒಳ್ಳೆಯ ಸಾಕ್ಷಿ. ಶೋರೂಮಿನಿಂದ ಹೊರಬಂದ ಆರು ತಿಂಗಳೊಳಗೆ ಶೇ. 5, ವರ್ಷ ತುಂಬುವಷ್ಟರಲ್ಲಿ ಶೇ. 15, ಎರಡನೇ ವರ್ಷದಲ್ಲಿ ಶೇ. 20, ಮೂರರಲ್ಲಿ 30, ನಾಲ್ಕರಲ್ಲಿ 40, ಐದರಲ್ಲಿ 50. ಅಂದರೆ ಐದು ವರ್ಷಕ್ಕೆ ಕಾರಿನ ಅರ್ಧ ಬೆಲೆ ಕರಗಿರುತ್ತದೆ. ಐದು ವರ್ಷದ ನಂತರ ಪಟ್ಟಿಯೇ ಇಲ್ಲ. ಮಾಲೀಕನೂ ಕಂಪನಿಯೂ ಮಾತಾಡಿ ಬೆಲೆ ಒಪ್ಪಿಕೊಳ್ಳಬೇಕು. ಮಾರುಕಟ್ಟೆಯ ಬೆಲೆ ಈ ಪಟ್ಟಿಯಂತೆಯೇ ನಡೆಯಬೇಕೆಂದಿಲ್ಲ. ಬೇಡಿಕೆ ಇರುವ ಮಾಡೆಲ್‌ಗೆ ಹೆಚ್ಚು ಸಿಗುತ್ತದೆ, ತಯಾರಿಕೆ ನಿಂತುಹೋದ ಮಾಡೆಲ್‌ಗೆ ಕಡಿಮೆ. ಆದರೆ ಇಳಿಜಾರಿನ ರೀತಿ ಒಂದೇ: ಮೊದಲಿಗೆ ಕಡಿದು, ಆಮೇಲೆ ನಿಧಾನ. ಇದರರ್ಥ, ಮೊದಲ ಐದು ವರ್ಷದ ದೊಡ್ಡ ನಷ್ಟವನ್ನು ನೀವು ಈಗಾಗಲೇ ಅನುಭವಿಸಿದ್ದೀರಿ. ಕಾರು ಅಗ್ಗವಾಗಿ ಓಡುವ ಕಾಲ ಶುರುವಾಗುವ ಹೊತ್ತಿಗೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಮತ್ತೊಮ್ಮೆ ಆ ಕಡಿದಾದ ಇಳಿಜಾರಿನ ತುದಿಗೆ ಹೋಗಿ ನಿಲ್ಲುವುದೇ ಐದು ವರ್ಷಕ್ಕೊಮ್ಮೆ ಕಾರು ಬದಲಿಸುವ ಪದ್ಧತಿ.

ಕರ್ನಾಟಕದಲ್ಲಿ ಈ ನಷ್ಟಕ್ಕೆ ಇನ್ನೊಂದು ಸೇರುತ್ತದೆ, ಅದರ ಬಗ್ಗೆ ಹೆಚ್ಚು ಜನ ಯೋಚಿಸುವುದಿಲ್ಲ. ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ದೇಶದಲ್ಲೇ ಭಾರಿ ಎನ್ನಿಸುವ ತೆರಿಗೆಗಳಲ್ಲೊಂದು. ಐದು ಲಕ್ಷದವರೆಗಿನ ಕಾರಿಗೆ ಶೇ. 13, ಐದರಿಂದ ಹತ್ತು ಲಕ್ಷಕ್ಕೆ 14, ಹತ್ತರಿಂದ ಇಪ್ಪತ್ತಕ್ಕೆ 17, ಅದಕ್ಕೂ ಮೇಲೆ 18. ತೆರಿಗೆಯ ಮೇಲೆ ಮತ್ತೆ ಶೇ. 11ರಷ್ಟು ಸೆಸ್. ಎಕ್ಸ್-ಶೋರೂಂ ಬೆಲೆ ಆರೂವರೆ ಲಕ್ಷ ಇರುವ ಒಂದು ಸಣ್ಣ ಕಾರನ್ನು ಉದಾಹರಣೆಗೆ ತೆಗೆದುಕೊಂಡರೆ ತೆರಿಗೆ 91,000, ಸೆಸ್ 10,010, ಒಟ್ಟು ಒಂದು ಲಕ್ಷದ ಒಂದು ಸಾವಿರ. ಇದನ್ನು ಮೊದಲ ದಿನವೇ ಕಟ್ಟಿದ್ದೇವೆ, ಕಟ್ಟಿರುವುದು ಕಾರಿನ ಇಡೀ ಆಯುಸ್ಸಿಗೆ. ಹದಿನೈದು ವರ್ಷ ಓಡಿಸಿದರೆ ವರ್ಷಕ್ಕೆ 6,700 ರೂಪಾಯಿ ಬೀಳುತ್ತದೆ; ಐದೇ ವರ್ಷಕ್ಕೆ ಮಾರಿದರೆ 20,000ಕ್ಕೂ ಹೆಚ್ಚು. ಕೊಳ್ಳುವವನು ಇದರಲ್ಲಿ ಸ್ವಲ್ಪ ಭಾಗ ಬೆಲೆಯಲ್ಲಿ ಕೊಟ್ಟಾನು ಎಂಬ ಮಾತಿದೆ. ಆದರೆ ಸೆಕೆಂಡ್ ಹ್ಯಾಂಡ್ ವ್ಯವಹಾರದಲ್ಲಿ ಚೌಕಾಸಿ ನಡೆಯುವುದು ಎಕ್ಸ್-ಶೋರೂಂ ಬೆಲೆ ಹಿಡಿದೇ. ವಿಮೆಯಲ್ಲಿ ಘೋಷಿಸುವ ಮೌಲ್ಯಕ್ಕೂ ಈ ತೆರಿಗೆ ಸೇರುವುದಿಲ್ಲ.

ಈಗ ಅದೇ ಕಾರಿನ ಲೆಕ್ಕ ಪೂರ್ತಿ ಮಾಡೋಣ. ತೆರಿಗೆ, ವಿಮೆ, ನೋಂದಣಿ, ಸಣ್ಣಪುಟ್ಟ ಜೋಡಣೆ ಎಲ್ಲ ಸೇರಿ ರಸ್ತೆಗಿಳಿಯುವಾಗ ಎಂಟು ಲಕ್ಷ ಎಂದಿಟ್ಟುಕೊಳ್ಳಿ. ಐದು ವರ್ಷಕ್ಕೆ ಎಕ್ಸ್-ಶೋರೂಂ ಬೆಲೆಯ ಅರ್ಧ, ಅಂದರೆ ಮೂರೂಕಾಲು ಲಕ್ಷಕ್ಕೆ ಮಾರಿದರೆ ಹೋದದ್ದು 4.75 ಲಕ್ಷ, ವರ್ಷಕ್ಕೆ 95,000. ಹತ್ತು ವರ್ಷಕ್ಕೆ ಒಂದೂವರೆ ಲಕ್ಷ ಸಿಗುತ್ತದೆ ಎಂದುಕೊಂಡರೆ ಆರರಿಂದ ಹತ್ತನೇ ವರ್ಷದವರೆಗೆ ಇಳಿದದ್ದು ವರ್ಷಕ್ಕೆ 35,000 ಮಾತ್ರ. ಹದಿನೈದಕ್ಕೆ ಅರವತ್ತು ಸಾವಿರಕ್ಕೆ ಕೊಟ್ಟರೆ ಕೊನೆಯ ಐದು ವರ್ಷದಲ್ಲಿ ಇಳಿಕೆ ವರ್ಷಕ್ಕೆ 18,000. ಒಟ್ಟು ಸರಾಸರಿ ನೋಡಿದರೆ ಐದು ವರ್ಷದ ಪದ್ಧತಿಗೆ ವರ್ಷಕ್ಕೆ 95,000, ಹತ್ತರದ್ದಕ್ಕೆ 65,000, ಹದಿನೈದರದ್ದಕ್ಕೆ 49,000 ಚಿಲ್ಲರೆ. ನಿಮ್ಮ ಕಾರಿನ ಅಂಕಿ ಬೇರೆ ಇರಬಹುದು, ಅವನ್ನೇ ಹಾಕಿ ನೋಡಿ. ಫಲಿತಾಂಶದ ದಿಕ್ಕು ಬದಲಾಗುವುದಿಲ್ಲ. ಹಳೆಯ ಕಾರಿಗೆ ರಿಪೇರಿ ಹೆಚ್ಚು, ನಿಜ. ಆದರೆ ಆರನೇ ವರ್ಷದಿಂದ ಉಳಿಯುವ ವರ್ಷಕ್ಕೆ ಅರವತ್ತು ಸಾವಿರದಲ್ಲಿ ಅರ್ಧವನ್ನು ಗ್ಯಾರೇಜಿಗೆ ಕೊಟ್ಟರೂ ಇನ್ನರ್ಧ ಮನೆಯಲ್ಲೇ ಉಳಿಯುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಹನ್ನೊಂದನೇ ವರ್ಷದಲ್ಲಿ ಕ್ಲಚ್ಚು, ಮುಂದಿನ ಸಸ್ಪೆನ್ಷನ್, ಎಸಿ ಕಂಪ್ರೆಸರ್ ಒಟ್ಟಿಗೆ ಕೈಕೊಟ್ಟು ಅರವತ್ತು ಸಾವಿರದ ಅಂದಾಜು ಬಂದಿತು ಅನ್ನಿ. ಮಾರಿದರೆ ಒಂದೂವರೆ ಲಕ್ಷ ಬರುವ ಗಾಡಿಗೆ ಅರವತ್ತು ಸಾವಿರ ಹಾಕುವುದೇ ಎಂಬ ಪ್ರಶ್ನೆ ಹುಟ್ಟುತ್ತದೆ. ಹೋಲಿಕೆಯೇ ತಪ್ಪು. ರಿಪೇರಿ ಖರ್ಚನ್ನು ಹಳೆ ಕಾರಿನ ಮಾರಾಟ ಬೆಲೆಯ ಪಕ್ಕ ಇಡಬಾರದು. ಅದನ್ನು ಬಿಟ್ಟು ಹೊಸದು ತಂದರೆ ಮುಂದಿನ ಎರಡು ಮೂರು ವರ್ಷ ಎಷ್ಟು ಖರ್ಚಾಗುತ್ತದೆ ಎಂಬುದರ ಪಕ್ಕ ಇಡಬೇಕು. ಆ ಅರವತ್ತು ಸಾವಿರ ಕಾರನ್ನು ಇನ್ನು ಮೂರು ವರ್ಷ ನಡೆಸಿದರೆ ವರ್ಷಕ್ಕೆ ಇಪ್ಪತ್ತು ಸಾವಿರ. ಅದೇ ರೀತಿ ಹಿಂದೆ ಹಾಕಿದ ದುಡ್ಡೂ ಈ ತೀರ್ಮಾನಕ್ಕೆ ಬರಬಾರದು. ಹೋದ ವರ್ಷ ತಾನೇ ನಾಲ್ಕು ಟೈರು ಹಾಕಿಸಿದ್ದೇನೆ ಎಂಬ ಕಾರಣಕ್ಕೆ ಸೋತ ಗಾಡಿಯನ್ನು ಎಳೆದಾಡುವುದು ಕೂಡ ತಪ್ಪು ಲೆಕ್ಕವೇ. ನೋಡಬೇಕಾದ್ದು ಮುಂದಿನ ಒಂದು ವರ್ಷ ಮಾತ್ರ: ಇದನ್ನು ಇಟ್ಟುಕೊಂಡರೆ ಬೆಲೆ ಇಳಿಕೆ, ರಿಪೇರಿ, ವಿಮೆ ಸೇರಿ ಎಷ್ಟು, ಬಿಟ್ಟರೆ ಎಷ್ಟು.

ಸಾಲದ ಕಂತು ಸೇರಿದರೆ ಈ ಲೆಕ್ಕ ಇನ್ನೂ ಗಟ್ಟಿಯಾಗುತ್ತದೆ. ಆರು ಲಕ್ಷ ಸಾಲವನ್ನು ಶೇ. 9.5 ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 12,600, ವರ್ಷಕ್ಕೆ ಒಂದೂವರೆ ಲಕ್ಷ. ಬಡ್ಡಿಯೇ ಐದು ವರ್ಷಕ್ಕೆ ಒಂದೂವರೆ ಲಕ್ಷ ದಾಟುತ್ತದೆ. ವರ್ಷದ ಈ ಕಂತು ಎಷ್ಟು ದೊಡ್ಡದೆಂದು ತಿಳಿಯಲು ಪಾವಗಡದ ಸೋಲಾರ್ ಪಾರ್ಕಿನ ಕಡೆ ನೋಡಬಹುದು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಪಾರ್ಕ್ ಎದ್ದಿದೆ. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಎಂಬ ಕರಾರಿನ ಮೇಲೆ ಅದು ಶುರುವಾಯಿತು. ನಾಲ್ಕು ಏರಿಕೆ ಸೇರಿಸಿದರೂ ಎಕರೆಗೆ 25,500ರ ಆಸುಪಾಸು. ಐದು ಎಕರೆ ಕೊಟ್ಟ ಕುಟುಂಬಕ್ಕೆ ವರ್ಷಕ್ಕೆ ಬರುವುದು ಒಂದೂಕಾಲು ಲಕ್ಷ ಚಿಲ್ಲರೆ. ಅಂದರೆ ಐದು ಎಕರೆಯ ಇಡೀ ವರ್ಷದ ಗುತ್ತಿಗೆ ಹಣ ಒಂದು ಸಣ್ಣ ಕಾರಿನ ಕಂತಿಗೂ ಸಾಲುವುದಿಲ್ಲ. ಕಂತು ತೀರಿದ ಮೇಲೆ ಕಾರಿನ ಪಾಡಿಗೆ ಕಾರು ಓಡಿಕೊಂಡಿರುವ ಆರೇಳು ವರ್ಷವೇ ಆ ಕುಟುಂಬ ಉಸಿರಾಡುವ ಕಾಲ. ಅದನ್ನು ಬಿಟ್ಟುಕೊಟ್ಟು ಮತ್ತೆ ಕಂತಿಗೆ ಕೊರಳೊಡ್ಡುವುದಕ್ಕೆ ತಕ್ಕ ಕಾರಣ ಇರಲೇಬೇಕು.

ಸರಿ, ಅಷ್ಟು ವರ್ಷ ಗಾಡಿ ತಡೆಯುತ್ತದೆಯೇ? ನಮ್ಮ ಕಡೆಯ ಹವೆ ಇದಕ್ಕೆ ದೊಡ್ಡ ಅನುಕೂಲ. ಕಾರಿನ ಎಂಜಿನ್ ಬಿಚ್ಚಿ ಜೋಡಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು, ಆದರೆ ಬಾಡಿಯ ತಳಕ್ಕೆ ತುಕ್ಕು ಹಿಡಿದರೆ ಅಲ್ಲಿಗೆ ಮುಗಿಯಿತು. ಮಂಗಳೂರು, ಉಡುಪಿಯ ಉಪ್ಪುಗಾಳಿ ಮತ್ತು ಮಳೆಯಲ್ಲಿ ಕಾರಿನ ಅಡಿಭಾಗ ಬೇಗ ಕೊರೆದುಹೋಗುತ್ತದೆ. ಪಾವಗಡ, ಮಧುಗಿರಿಯ ಒಣ ಬಯಲಿನಲ್ಲಿ ಆ ಕಾಟ ಬಹಳ ಕಡಿಮೆ. ಓಡಾಟವೂ ಅಷ್ಟೇ. ಇಲ್ಲಿಯ ಕಾರು ಹೆಚ್ಚು ಕಿಲೋಮೀಟರ್ ಓಡುವುದು ತುಮಕೂರಿನ ಆಸ್ಪತ್ರೆಗೆ, ಬೆಂಗಳೂರಿನ ಕೆಲಸಕ್ಕೆ, ಗೊರವನಹಳ್ಳಿಗೋ ಪಾವಗಡದ ಶನಿಮಹಾತ್ಮನಿಗೋ, ಮದುವೆ ಮುಂಜಿಗೆ. ಶಿರಾದಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ, ಶಿರಾ ಮಧುಗಿರಿ ನಡುವೆ ಹೆದ್ದಾರಿ 69 ಹಿಡಿದರೆ, ಒಂದೇ ಗೇರಿನಲ್ಲಿ ಮೈಲುಗಟ್ಟಲೆ ಸಾಗುವ ದಾರಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಲಚ್ಚು ಒತ್ತಿ ಬಿಟ್ಟು ಓಡಿದ ಅರವತ್ತು ಸಾವಿರ ಕಿಲೋಮೀಟರಿಗಿಂತ ಇಲ್ಲಿಯ ಒಂದು ಲಕ್ಷ ಕಿಲೋಮೀಟರ್ ಎಂಜಿನ್ನಿಗೂ ಕ್ಲಚ್ಚಿಗೂ ಹಗುರ. ಮೀಟರಿನ ಅಂಕಿಯನ್ನಷ್ಟೇ ನೋಡಿ ಕಾರಿನ ವಯಸ್ಸು ಹೇಳಬಾರದು ಎನ್ನುವುದು ಇದಕ್ಕೇ.

ನಮ್ಮ ಕಡೆ ಕಾರನ್ನು ಕೊಲ್ಲುವುದು ಬೇರೆಯವು: ನೀರು, ಬಿಸಿಲು, ದೂಳು. ನೀರಿನಿಂದ ಶುರುಮಾಡೋಣ, ಏಕೆಂದರೆ ಇದರಲ್ಲಿ ಆಗುವ ಹಾನಿ ತಪ್ಪಿಸಲು ತಗಲುವುದು ಕೆಲವೇ ನೂರು ರೂಪಾಯಿ. ಪಾವಗಡ, ಮಧುಗಿರಿ ಸೀಮೆಯ ಬೋರ್‌ವೆಲ್ ನೀರಿನ ಗಡಸು, ಅದರ ಫ್ಲೋರೈಡು ಎಲ್ಲರಿಗೂ ಗೊತ್ತು. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿದೆ ಎಂದು ತೋಟದ ಪೈಪಿನಿಂದ ಅದೇ ನೀರು ತುಂಬಿಸುವ ಅಭ್ಯಾಸ ಇಲ್ಲಿ ಸಾಮಾನ್ಯ. ನೀರು ಕಾಯಿಸುವ ಹಂಡೆಯ ಒಳಮೈಗೆ ಕಟ್ಟುವ ಬಿಳಿ ಗಾರೆಯೇ ರೇಡಿಯೇಟರಿನ ಸಣ್ಣ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ನೀರು ಸರಾಗವಾಗಿ ಹರಿಯುವುದಿಲ್ಲ, ಎಂಜಿನ್ ಬಿಸಿಯಾಗುತ್ತದೆ, ಒಂದು ದಿನ ಏಪ್ರಿಲ್ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ಆ ರಿಪೇರಿ ಹತ್ತಾರು ಸಾವಿರದ್ದು, ಎಷ್ಟೋ ಕಾರುಗಳು ಗುಜರಿಯ ದಾರಿ ಹಿಡಿಯುವುದು ಅಲ್ಲಿಂದಲೇ. ಪರೀಕ್ಷೆ ಸುಲಭ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಒಳಗಿನ ದ್ರವ ಹಸಿರೋ ಕೆಂಪೋ ನೀಲಿಯೋ, ತಿಳಿಯಾಗಿ ಬಣ್ಣ ಉಳಿಸಿಕೊಂಡಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿ, ಮುಚ್ಚಳದ ಅಂಚಿಗೆ ಬಿಳಿ ಪುಡಿಯೋ ಜಿಡ್ಡೋ ಹತ್ತಿದ್ದರೆ ಪೂರ್ತಿ ತೊಳೆಸಿ, ಕಾರಿನ ಪುಸ್ತಕದಲ್ಲಿ ಹೇಳಿರುವ ಕೂಲಂಟನ್ನೇ ತುಂಬಿಸಬೇಕು. ಅದನ್ನು ಬೆರೆಸಬೇಕಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾತ್ರ.

ಬಿಸಿಲು ಕೊಲ್ಲುವುದು ರಬ್ಬರನ್ನು. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡುವ ಕಾರಿನ ಟೈರು ಸವೆಯುವ ಮೊದಲೇ ಒಣಗುತ್ತದೆ. ಪಟ್ಟೆ ಇನ್ನೂ ಆಳವಾಗಿದೆ ಎಂದು ಏಳೆಂಟು ವರ್ಷ ಓಡಿಸುವುದು ಅಪಾಯ. ಟೈರಿನ ಪಕ್ಕದ ಗೋಡೆಯ ಮೇಲೆ ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದರೆ ಪ್ರತಿ ವರ್ಷ ತೋರಿಸಬೇಕು; ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕು ಕಂಡರೆ ಪಟ್ಟೆ ಇದ್ದರೂ ಬದಲಿಸಬೇಕು. ಎಂಜಿನ್ನಿನ ಹೋಸ್ ಪೈಪು, ಬೆಲ್ಟು, ಬಾಗಿಲಿನ ಬೀಡಿಂಗು ಎಲ್ಲದಕ್ಕೂ ಇದೇ ಮಾತು. ದೂಳಿನ ವಿಚಾರಕ್ಕೆ ಬಂದರೆ, ಏರ್ ಫಿಲ್ಟರನ್ನು ಕಂಪನಿ ಹೇಳುವ ಅವಧಿಗೆ ಬದಲಿಸಿದರೆ ನಮ್ಮಲ್ಲಿ ಸಾಲದು. ಕಡಲೆಕಾಯಿ ಬಿಡಿಸುವ ಕಾಲ, ಕಣದ ಕಾಲ ಮುಗಿದ ಕೂಡಲೇ ಒಮ್ಮೆ ತೆಗೆದು ನೋಡಬೇಕು. ಎಸಿಯ ಮುಂದಿನ ಜಾಲರಿಗೆ ಹೊಟ್ಟು ದೂಳು ಮೆತ್ತಿಕೊಂಡಿದ್ದರೆ ಅದರಿಂದಲೂ ಎಂಜಿನ್ ಬಿಸಿಯಾಗುತ್ತದೆ. ಹಳ್ಳಿಯಲ್ಲಿ ಹುಲ್ಲಿನ ಬಣವೆ, ಕಾಳಿನ ಕೋಣೆ ಪಕ್ಕ ವಾರಗಟ್ಟಲೆ ನಿಂತ ಕಾರಿಗೆ ಇಲಿ ಸೇರಿ ವೈರು ಕಡಿಯುವುದು ಸಣ್ಣ ಖರ್ಚಲ್ಲ. ವಾರಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ನೋಡಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿದರೆ ಇಲಿಯೂ ನೆಲೆ ನಿಲ್ಲುವುದಿಲ್ಲ, ಬ್ಯಾಟರಿಯೂ ಬಾಳುತ್ತದೆ.

ಇನ್ನು ಆಕ್ಷೇಪಗಳು. ಹೊಸ ಕಾರು ಮೈಲೇಜ್ ಹೆಚ್ಚು ಕೊಡುತ್ತದಲ್ಲ ಎಂಬುದು ಮೊದಲನೆಯದು. ಹಳೆಯದು ಲೀಟರಿಗೆ 16, ಹೊಸದು 20 ಕೊಡುತ್ತದೆ ಎಂದುಕೊಳ್ಳಿ. ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರಿಗೆ ಉಳಿಯುವುದು 112 ಲೀಟರ್, ಸುಮಾರು ಹನ್ನೊಂದು ಸಾವಿರ ರೂಪಾಯಿ. ಅದಕ್ಕಾಗಿ ವರ್ಷಕ್ಕೆ 95,000ದ ಸವಕಳಿ ಮೈಮೇಲೆ ಎಳೆದುಕೊಳ್ಳುವುದು ಯಾವ ನ್ಯಾಯ? ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಹಳೇ ಕಾರು ಹಾಳಾಗುತ್ತದೆ ಎಂಬ ಭಯವೂ ಈಗ ವ್ಯಾಪಕ. 2023ರ ಏಪ್ರಿಲ್‌ಗೆ ಮುಂಚಿನ ಬಹುತೇಕ ಕಾರುಗಳನ್ನು ಆ ಇಂಧನ ಮನಸ್ಸಿನಲ್ಲಿಟ್ಟು ಮಾಡಿರಲಿಲ್ಲ ಎಂಬುದು ನಿಜ. ನೀತಿ ಆಯೋಗದ 2021ರ ವರದಿಯೇ ಅಂಥ ಹಳೆಯ ಕಾರುಗಳ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ನಮ್ಮ ಉದಾಹರಣೆಯ ಕಾರಿಗೆ ಅದು ವರ್ಷಕ್ಕೆ 36ರಿಂದ 42 ಲೀಟರ್, ನಾಲ್ಕು ಸಾವಿರ ರೂಪಾಯಿಯ ಆಸುಪಾಸು. ಇಂಧನದ ರಬ್ಬರ್ ಪೈಪು, ಸೀಲುಗಳನ್ನು ಸರ್ವಿಸ್ಸಿನಲ್ಲಿ ಬಿಡದೆ ನೋಡಿಸಬೇಕು, ಮೆತ್ತಗಾದದ್ದನ್ನು ಬದಲಿಸಬೇಕು. ಕಿರಿಕಿರಿ ಹೌದು, ಕಾರು ಬಿಡುವಷ್ಟು ದೊಡ್ಡ ಕಾರಣವಲ್ಲ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಬದಲಿಸಲು ಇದೇ ಕಾಲ ಎನ್ನುವವರೂ ಇದ್ದಾರೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯುತ್ತದೆ. ಎಕ್ಸ್‌ಚೇಂಜಿನಲ್ಲಿ ಒಂದು ಕೈಯಲ್ಲಿ ಸಿಕ್ಕದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಮೊದಲ ಬಾರಿ ಕಾರು ಕೊಳ್ಳುವವರಿಗೆ ಇದು ನಿಜವಾದ ಅನುಕೂಲ, ಇದ್ದ ಕಾರು ಬಿಟ್ಟು ಕೊಳ್ಳುವವರಿಗೆ ಅಷ್ಟಾಗಿ ಇಲ್ಲ.

ಕಾನೂನಿನ ಭಯಕ್ಕೆ ಬರೋಣ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಕಾರು ಓಡಿಸಬಾರದು ಎಂಬ ಆದೇಶ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ್ದು. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಟ್ಟದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಬರೀ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಅದೇ ಕೋರ್ಟ್ ಹೇಳಿತು. ಕರ್ನಾಟಕಕ್ಕೆ ಆ ಮಿತಿ ಬಂದೇ ಇಲ್ಲ. 2021ರ ಆಗಸ್ಟ್ 13ರಂದು ಚಾಲನೆ ಪಡೆದ ಗುಜರಿ ನೀತಿಯೂ ಖಾಸಗಿ ಕಾರಿಗೆ ಐಚ್ಛಿಕ. 2023ರ ಏಪ್ರಿಲ್‌ನಿಂದ ಹದಿನೈದು ವರ್ಷಕ್ಕೆ ಕಡ್ಡಾಯವಾಗಿ ನೋಂದಣಿ ರದ್ದಾದದ್ದು ಸರ್ಕಾರಿ ವಾಹನಗಳದ್ದು, ಬಹುಶಃ ಗೊಂದಲ ಹುಟ್ಟಿದ್ದು ಅಲ್ಲಿಂದ. ನಮ್ಮ ನಿಮ್ಮ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಕಾರು ಮುಗಿಯುವುದಿಲ್ಲ. ಅವಧಿ ತೀರುವ ಮುಂಚಿನ ಅರವತ್ತು ದಿನದೊಳಗೆ 25ನೇ ನಮೂನೆಯಲ್ಲಿ ಅರ್ಜಿ ಹಾಕಿ, ವಿಮೆ ಮತ್ತು ಹೊಗೆ ತಪಾಸಣೆ ಪತ್ರದೊಂದಿಗೆ ಕಾರನ್ನು ಮಧುಗಿರಿಯ ಎಆರ್‌ಟಿಒ ಕಚೇರಿಗೆ, ಹಳೆ ನಂಬರು ತುಮಕೂರಿನ ಕೆಎ-06 ಇದ್ದರೂ ನಿಮ್ಮ ವಿಳಾಸ ಯಾವ ಕಚೇರಿಗೆ ಸೇರುತ್ತದೋ ಅಲ್ಲಿಗೆ, ಒಯ್ದು ತೋರಿಸಿದರೆ ಮತ್ತೆ ಐದು ವರ್ಷ ಸಿಗುತ್ತದೆ. 600 ರೂಪಾಯಿ ಇದ್ದ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿಸಲಾಗಿದೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಇದರ ಜೊತೆ ರಾಜ್ಯದ ಹಸಿರು ತೆರಿಗೆಯೂ ಇದೆ. ಶುಲ್ಕಗಳು ಬದಲಾಗುತ್ತಿರುತ್ತವೆ, ಕಟ್ಟುವ ಮುನ್ನ ಪರಿವಾಹನ್ ತಾಣದಲ್ಲಿ ನೋಡಿಕೊಳ್ಳಿ. ಏರಿಕೆ ದೊಡ್ಡದಾಗಿ ಕಂಡರೂ ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂದೆರಡು ಸಾವಿರ. ತಡಮಾಡಿದರೆ ಮಾತ್ರ ತಿಂಗಳಿಗೆ 500ರಂತೆ ದಂಡ ಬೆಳೆಯುತ್ತದೆ.

ಈಗ ನಿಜಕ್ಕೂ ತೂಕದ ಆಕ್ಷೇಪ: ಹಳೆ ಕಾರು ಸುರಕ್ಷಿತವಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಹಳೆಯದು ಎಂದರೆ ಎಷ್ಟು ಹಳೆಯದು ಎಂಬುದನ್ನು ನಿಖರವಾಗಿ ಹೇಳಬೇಕು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಹೆಚ್ಚು ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕದ್ದು ಸೊನ್ನೆ. ಆಮೇಲೆ ಕಾನೂನು ಬದಲಾಯಿತು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕು) ಕಡ್ಡಾಯವಾಯಿತು. ಜುಲೈಯಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ. 2022ರ ಆರಂಭದಿಂದ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್. ಹೀಗಾಗಿ ವಯಸ್ಸಿನ ಗೆರೆಗಿಂತ ಮುಖ್ಯವಾದದ್ದು 2019ರ ಗೆರೆ. ನಿಮ್ಮದು 2013ರ ಕಾರಾದರೂ ಎಬಿಎಸ್, ಎರಡು ಏರ್‌ಬ್ಯಾಗ್ ಇರುವ ಮೇಲ್ದರ್ಜೆಯ ಮಾಡೆಲ್ ಆಗಿದ್ದರೆ ಹದಿನೈದರವರೆಗೆ ಓಡಿಸಿ. ಅದೇ 2016ರ ಕಾರು, ಎರಡೂ ಇಲ್ಲದ ಬೇಸ್ ಮಾಡೆಲ್, ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ಪದೇ ಪದೇ ಹೋಗುವ ಮನೆ ಎಂದಾದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬದಲಿಸಿ. ಮೇಲೆ ಹಾಕಿದ ರೂಪಾಯಿ ಲೆಕ್ಕ ಯಾವುದೂ ಇಲ್ಲಿ ನಿಲ್ಲುವುದಿಲ್ಲ. ಆ ಕಾರು ಕೊರಟಗೆರೆ ಪೇಟೆ, ತೋಟ, ಸಂತೆಗಷ್ಟೇ ಓಡುತ್ತದೆ ಎಂದಾದರೆ ಅವಸರವಿಲ್ಲ, ಹೆದ್ದಾರಿಗೆ ಬಸ್ಸು ಹಿಡಿಯಿರಿ.

ಬದಲಿಸಬೇಕಾಗಿ ಬಂದವರು ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಇದೇ ಸವಕಳಿ ಪಟ್ಟಿ ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ: ನಾಲ್ಕೈದು ವರ್ಷದ, ಎಬಿಎಸ್ ಮತ್ತು ಎರಡು ಏರ್‌ಬ್ಯಾಗ್ ಇರುವ ಕಾರಿನ ಅರ್ಧ ಬೆಲೆಯನ್ನೂ ಜೀವಿತಾವಧಿ ತೆರಿಗೆಯನ್ನೂ ಮೊದಲ ಮಾಲೀಕ ಹೊತ್ತಿರುತ್ತಾನೆ. ಪಾವಗಡದವರಿಗೆ ಒಂದು ಎಚ್ಚರಿಕೆ ಅಗತ್ಯ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದಲ್ಲಿ ಕಾರು ಅಗ್ಗಕ್ಕೆ ಸಿಕ್ಕಿತು ಎಂದು ತಂದರೆ ಅಲ್ಲಿಂದ ಎನ್‌ಒಸಿ ತರಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು, ಹೊಸ ನಂಬರು ಪಡೆಯಬೇಕು. ಆ ಖರ್ಚು ಸೇರಿಸಿದ ಮೇಲೂ ಅಗ್ಗವೇ ಎಂದು ಮೊದಲೇ ನೋಡಿಕೊಳ್ಳಬೇಕು. ಡೀಸೆಲ್ ಆಸೆಗೂ ಸ್ವಲ್ಪ ತಡೆ ಹಾಕಿ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಸ್ವಚ್ಛವಾಗಬೇಕಾದರೆ ಆಗಾಗ ಉದ್ದ ದಾರಿಯಲ್ಲಿ ಬಿಸಿಯಾಗಿ ಓಡಬೇಕು. ದಿನಾ ಐದಾರು ಕಿಲೋಮೀಟರ್ ಮಾತ್ರ ಓಡುವ ಮನೆಗೆ ಅದು ತೊಂದರೆಯ ಬಾಬತ್ತು.

ಪರಿಸರದ ದೃಷ್ಟಿಯಿಂದ ಹಳೆ ಕಾರು ಇಟ್ಟುಕೊಳ್ಳುವುದು ತಪ್ಪಲ್ಲವೇ, ವಿದ್ಯುತ್ ಕಾರಿಗೆ ಹೋಗಬಾರದೇ ಎಂದು ಕೇಳುವವರ ಕಾಳಜಿ ಸರಿಯಾದದ್ದು. ಹಳೆಯ ಬಿಎಸ್-3 ಡೀಸೆಲ್ ಗಾಡಿಯ ಹೊಗೆಯನ್ನು ಯಾರೂ ಸಮರ್ಥಿಸಲಾರರು, ಅದನ್ನು ಬೇಗ ಬಿಡಿ. ಆದರೆ ಕಡಿಮೆ ಓಡುವ ಬಿಎಸ್-4 ಪೆಟ್ರೋಲ್ ಕಾರಿನ ವಿಷಯ ಬೇರೆ. ಹೊಸ ಕಾರು ತಯಾರಿಸಲು ಬೇಕಾಗುವ ಉಕ್ಕು, ಪ್ಲಾಸ್ಟಿಕ್ಕು, ಬ್ಯಾಟರಿಯೂ ಹೊಗೆಯಿಂದಲೇ ಬರುತ್ತವೆ, ಕಡಿಮೆ ಓಡುವ ಮನೆಯಲ್ಲಿ ಆ ಹೊಗೆಯ ಸಾಲ ತೀರುವುದು ನಿಧಾನ. ವಿದ್ಯುತ್ ಕಾರಿನ ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಎಂಟು ವರ್ಷದ ಖಾತರಿ ಕೊಡುತ್ತಿವೆ. ತಂತ್ರಜ್ಞಾನ ಇಷ್ಟು ವೇಗವಾಗಿ ಬದಲಾಗುವಾಗ, ಇದ್ದ ಕಾರನ್ನು ಇನ್ನು ಮೂರು ನಾಲ್ಕು ವರ್ಷ ಚೆನ್ನಾಗಿ ಓಡಿಸಿ ಆಮೇಲೆ ನೇರ ವಿದ್ಯುತ್ ಕಾರಿಗೆ ಹೋಗುವುದು ಈಗ ನಡುವೆ ಇನ್ನೊಂದು ಪೆಟ್ರೋಲ್ ಕಾರು ಕೊಳ್ಳುವುದಕ್ಕಿಂತ ಜಾಣತನ.

ಇಷ್ಟೆಲ್ಲ ಹೇಳಿದ ಮೇಲೂ ವಯಸ್ಸು ನೋಡದೆ ಕಾರು ಬಿಡಬೇಕಾದ ಸಂದರ್ಭಗಳಿವೆ. ಲಿಫ್ಟಿನ ಮೇಲೆ ಎತ್ತಿ ನೋಡಿದಾಗ ಬಾಗಿಲ ಕೆಳಗಿನ ಉದ್ದ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ ತುಕ್ಕಿಗೆ ಪುಡಿಯಾಗುತ್ತಿದ್ದರೆ ವೆಲ್ಡಿಂಗ್ ಮಾಡಿಸಿ ದಿನ ದೂಡಬಾರದು. ದೊಡ್ಡ ಅಪಘಾತದಲ್ಲಿ ಚಾಸಿಸ್ ಸೊಟ್ಟಗಾದ ಕಾರೂ ಹಾಗೆಯೇ. ಬಿಡಿಭಾಗ ತುಮಕೂರಿನಲ್ಲೂ ಸಿಗದೆ ಬೆಂಗಳೂರಿನಿಂದ ತಿಂಗಳುಗಟ್ಟಲೆ ಕಾಯಿಸುತ್ತಿದ್ದರೆ, ಒಂದೇ ವರ್ಷದಲ್ಲಿ ಮೂರು ನಾಲ್ಕು ಸಲ ದಾರಿಯಲ್ಲಿ ಕೈಕೊಟ್ಟರೆ, ರೋಗಿಯನ್ನು ರಾತ್ರಿ ಹೊತ್ತು ತುಮಕೂರಿಗೆ ಒಯ್ಯಲು ಆ ಕಾರನ್ನು ನಂಬಲಾಗದು ಎಂದು ಮನೆಯವರಿಗೇ ಅನ್ನಿಸಿದರೆ, ಆ ಕಾರಿನ ಕೆಲಸ ಮುಗಿದಿದೆ. ದಿನವೂ ನೂರಾರು ಕಿಲೋಮೀಟರ್ ಓಡಿಸಿ ವರ್ಷಕ್ಕೆ ಇಪ್ಪತ್ತೈದು ಮೂವತ್ತು ಸಾವಿರ ದಾಟಿಸುವವರಿಗೂ ಹದಿನೈದು ವರ್ಷದ ಮಾತು ಹೊಂದುವುದಿಲ್ಲ, ಅವರಿಗೆ ಎಂಟೊಂಬತ್ತು ವರ್ಷ ಸಾಕು.

ಬಿಡುವಾಗ ಕಾಗದದ ಕೆಲಸ ಮುಗಿಸಿಯೇ ಕೀಲಿ ಕೊಡಿ. 29 ಮತ್ತು 30ನೇ ನಮೂನೆಗೆ ಸಹಿ ಹಾಕಿಕೊಟ್ಟು ಬಿಟ್ಟರೆ ಸಾಲದು, ಆರ್‌ಸಿಯಲ್ಲಿ ಹೆಸರು ಬದಲಾಗಿರುವುದನ್ನು ನೋಡಬೇಕು. ಕಾರು ಕೈಯಿಂದ ಕೈಗೆ ದಾಟಿ ಎಷ್ಟೋ ದೂರ ಹೋಗಿದ್ದರೂ, ಅಪಘಾತವಾದಾಗ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಳೆಯ ವಿಮೆಯಲ್ಲಿ ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿ, ಗರಿಷ್ಠ ಶೇ. 50, ನಿಮ್ಮದು, ಕಾರಿನದಲ್ಲ. ಅದರ ಪತ್ರ ಪಡೆದು ಮುಂದಿನ ಕಾರಿಗೆ ಹಾಕಿಸಿಕೊಳ್ಳಿ. ಕೊಳ್ಳುವವರಿಲ್ಲದೆ ಗುಜರಿಗೇ ಹೋಗುವುದಾದರೆ ರಸ್ತೆ ಬದಿಯ ಗುಜರಿ ಅಂಗಡಿಗೆ ಕೊಡದೆ ಸರ್ಕಾರದಲ್ಲಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಡಬೇಕು. ಅಲ್ಲಿ ಕೊಡುವ ಠೇವಣಿ ಪ್ರಮಾಣಪತ್ರ ಇದ್ದರೆ ನೋಂದಣಿ ರದ್ದಾಗುವುದು ಸಲೀಸು, ಹೊಸ ಕಾರಿನ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ರಾಜ್ಯಗಳಿಗೆ ಅವಕಾಶವಿದೆ. ಆ ಪತ್ರ ಕೈಗೆ ಬರುವವರೆಗೆ ಆರ್‌ಸಿಯ ಒಂದು ಪ್ರತಿ ಮನೆಯಲ್ಲೇ ಇರಲಿ.